ಕಾಶಿಯ ವೀರಕಥೆಗಳು: ಮುಂದೇನು?

ಕಾಶಿಯಲ್ಲಿ ಗಂಗೆಯ ಪಶ್ಚಿಮ ದಡದುದ್ದಕ್ಕೂ 80ಕ್ಕೂ ಹೆಚ್ಚು ಸ್ನಾನಘಟ್ಟಗಳಿವೆ. ಅವುಗಳಲ್ಲಿ ಜನಸಂದಣಿ ಮಿಗಿಲಾಗಿರುವುದು ದಶಾಶ್ವಮೇಧ ಘಾಟಿನಲ್ಲಿ. ಈ ಹೆಸರು ಹೇಗೆ ಬಂದಿತೆಂದು ವಿಚಾರಿಸಿದರೆ ಎರಡು ಉತ್ತರಗಳು ದೊರೆಯುತ್ತವೆ. ದಿವೋದಾಸ ರಾಜನು ಒದಗಿಸಿದ ಸಂಭಾರಗಳಿಂದ ಬ್ರಹ್ಮನು ಇಲ್ಲಿ ಹತ್ತು ಅಶ್ವಮೇಧಗಳನ್ನು ನೆರವೇರಿಸಿದನೆಂದು ಸ್ಕಾಂದಪುರಾಣದ ಕಾಶೀಖಂಡವು ಹೇಳುತ್ತದೆ. ಭಾರಶಿವರೆಂಬ ನಾಗವಂಶದ ಅರಸರು ಹತ್ತು ಅಶ್ವಮೇಧಗಳ ಅವಭೃಥಸ್ನಾನ ಮಾಡಿದರೆಂಬ ಮಾತು ವಾಕಾಟಕರ ತಾಮ್ರಶಾಸನಗಳಲ್ಲಿದೆ. ಅದನ್ನು ಹಿಡಿದು ಇತಿಹಾಸಜ್ಞರಾದ ಕಾಶೀಪ್ರಸಾದ ಜಯಸ್ವಾಲರು ಹೆಸರಿನ ಮೂಲ ಅಲ್ಲಿದೆಯೆಂದು ಊಹಿಸಿದರು. ಒಂದು ಉತ್ತರವು ಇನ್ನೊಂದನ್ನು ಅಳಿಸಿಹಾಕಲಿಲ್ಲ. ನದಿಗಿಳಿಯುವ ಅದೇ ಮೆಟ್ಟಿಲುಗಳ ಮೇಲೆ ಎರಡೂ ಕಥೆಗಳು ಒಟ್ಟಿಗೆ ಕುಳಿತಿವೆ.

ಹಳೆಯ ಕಥೆಯ ಪಕ್ಕದಲ್ಲಿ ಹೊಸದಕ್ಕೆ ಎಡೆಕೊಡುವ ಈ ಊರಿಗೆ ಇತ್ತೀಚೆಗೆ ಚಲಚ್ಚಿತ್ರದ ಮಹಾವೀರರೂ ಬಂದಿಳಿದಿದ್ದಾರೆ. 2022ರ ಸೆಪ್ಟೆಂಬರ್ 9ರಂದು ಬಿಡುಗಡೆಯಾದ ಅಯಾನ್ ಮುಖರ್ಜಿಯವರ ‘ಬ್ರಹ್ಮಾಸ್ತ್ರ’ ಚಿತ್ರದ ಒಂದು ಮುಖ್ಯ ಭಾಗ ಕಾಶಿಯಲ್ಲಿ ನಡೆಯುತ್ತದೆ. ಚಿತ್ರೀಕರಣ ಮುಗಿದುದೂ ಅಲ್ಲಿಯೇ. 2024ರ ಜೂನ್ 27ರಂದು ತೆರೆಕಂಡ ನಾಗ್ ಅಶ್ವಿನ್ ಅವರ ‘ಕಲ್ಕಿ 2898 ಎ.ಡಿ.’ ಚಿತ್ರದಲ್ಲಂತೂ ಭೂಮಿಯ ಮೇಲೆ ಉಳಿದಿರುವ ಕಟ್ಟಕಡೆಯ ನಗರವೇ ಕಾಶಿ. ಎರಡೂ ಚಿತ್ರಗಳು ಕನ್ನಡದ ಧ್ವನಿಯಲ್ಲಿಯೂ ಬಂದವು. ಎರಡೂ ಅರ್ಧದಲ್ಲಿ ನಿಂತಿವೆ. ಮುಂದೇನಾಗುವುದೆಂಬ ವಾದ ನಡೆಯದ ವಿರಾಮದ ವೇಳೆ ನಮ್ಮ ಶಾಲೆಯಲ್ಲಿ ಅಪೂರ್ವ. ಈ ವಾದಗಳಲ್ಲಿ ಗಂಟಲಿನ ಬಲವೇ ಪ್ರಮಾಣವಾಗಿರುವುದನ್ನು ಕಂಡು, ಊಹೆಗೆ ಬೇರೆ ಆಧಾರಗಳುಂಟೇ ಎಂಬುದನ್ನು ಇಲ್ಲಿ ವಿಚಾರಿಸಲು ಹೊರಟಿದ್ದೇವೆ.

ಮೊದಲು ವಿಷಯದ ಸ್ವರೂಪವನ್ನು ತಿಳಿಯೋಣ. ಹಲವು ಚಿತ್ರಗಳು, ಹಲವು ಧಾರಾವಾಹಿಗಳು, ಬೇರೆ ಬೇರೆ ನಾಯಕರು. ಆದರೆ ಎಲ್ಲರೂ ಬಾಳುವ ಲೋಕ ಒಂದೇ. ಒಂದು ಚಿತ್ರದಲ್ಲಿ ಮುರಿದ ಸೇತುವೆ ಮತ್ತೊಂದರಲ್ಲಿಯೂ ಮುರಿದೇ ಇರತಕ್ಕದ್ದು. ಇದನ್ನು ‘ಸಿನಿಮ್ಯಾಟಿಕ್ ಯೂನಿವರ್ಸ್’ ಎಂದು ಕರೆಯುತ್ತಾರೆ. ನಾವು ಸಂಯುಕ್ತ ಕಥಾಲೋಕವೆನ್ನೋಣ. ಅಮೆರಿಕದ ಮಾರ್ವೆಲ್ ಸಂಸ್ಥೆಯು 2008ರ ‘ಐರನ್ ಮ್ಯಾನ್’ ಚಿತ್ರದಿಂದ ಆರಂಭಿಸಿ, 2019ರ ‘ಅವೆಂಜರ್ಸ್: ಎಂಡ್‌ಗೇಮ್’ ಬರುವ ವೇಳೆಗೆ 22 ಚಿತ್ರಗಳನ್ನು ಒಂದೇ ಹಾರವಾಗಿ ಪೋಣಿಸಿತು. ಉಳಿದವರೆಲ್ಲ ಆ ಹಾರವನ್ನು ಕಂಡು ಹೂವು ಕೊಯ್ಯಲು ಹೊರಟವರು.

ಕಾಶಿಗೆ ಈ ಕಲ್ಪನೆ ಹೊಸದಲ್ಲ. ಅಸಿ, ದಶಾಶ್ವಮೇಧ, ಆದಿಕೇಶವ, ಪಂಚಗಂಗಾ, ಮಣಿಕರ್ಣಿಕಾ ಎಂಬ ಐದು ಘಟ್ಟಗಳಲ್ಲಿ ಕ್ರಮವಾಗಿ ಮೀಯುವುದಕ್ಕೆ ಪಂಚತೀರ್ಥಯಾತ್ರೆಯೆಂದು ಹೆಸರು. ಒಂದೊಂದು ತೀರ್ಥಕ್ಕೂ ಅದರದೇ ದೇವತೆ, ಅದರದೇ ಕಥೆ ಉಂಟು. ಐದನ್ನೂ ಮುಗಿಸಿದವನಿಗೆ ಅವುಗಳ ಸಂಬಂಧ ಕಾಣುತ್ತದೆ. ಆದರೆ ದಶಾಶ್ವಮೇಧವೊಂದರಲ್ಲಿಯೇ ಮಿಂದು ಹೊರಟವನನ್ನು ‘ನೀನು ಅಸಿಯನ್ನು ನೋಡಿ ಬಂದೆಯಾ?’ ಎಂದು ಯಾರೂ ತಡೆಯುವುದಿಲ್ಲ. ಈ ಮಾತನ್ನು ವಾಚಕರು ನೆನಪಿಟ್ಟಿರಬೇಕು. ಮುಂದೆ ಇದು ಬೇಕಾಗುತ್ತದೆ.

ಊಹೆಗೆ ಮೊದಲನೆಯ ಆಧಾರ, ಕಥೆಯು ಮಾಡಿಕೊಂಡಿರುವ ಸಾಲ. ಕಥೆಗಾರನು ಒಂದು ಶಾಪವನ್ನು ಹೇಳಿದನೆಂದರೆ ವಿಮೋಚನೆಯ ಸಾಲ ಅವನ ತಲೆಯ ಮೇಲಿದೆ. ಒಂದು ಬಿಲ್ಲನ್ನು ತೋರಿಸಿದನೆಂದರೆ ಬಾಣದ ಸಾಲವಿದೆ. ‘ಕಲ್ಕಿ’ ಚಿತ್ರದ ಸಾಲದ ಲೆಕ್ಕವನ್ನು ಬರೆದು ನೋಡೋಣ. ಉತ್ತರೆಯ ಗರ್ಭದ ಮೇಲೆ ಅಸ್ತ್ರ ಹೂಡಿದ ಅಶ್ವತ್ಥಾಮನಿಗೆ ಕೃಷ್ಣನ ಶಾಪ ತಗಲಿತು. ಗರ್ಭವನ್ನು ಕೊಲ್ಲಹೊರಟವನೇ ಕಲಿಯುಗದ ಕೊನೆಯಲ್ಲಿ ಇನ್ನೊಂದು ಗರ್ಭವನ್ನು ಕಾಯಬೇಕು. ಅಮಿತಾಭ್ ಬಚ್ಚನ್ ಅವರು ವಹಿಸಿದ ಆ ಪಾತ್ರವು ಸಹಸ್ರಾರು ವರ್ಷ ಕಾದು, ಸುಮತಿಯೆಂಬ ಗರ್ಭಿಣಿಯ ಬೆಂಗಾವಲಿಗೆ ನಿಲ್ಲುತ್ತದೆ. ಹಣಕ್ಕಾಗಿ ಯಾರನ್ನಾದರೂ ಹಿಡಿದುಕೊಡುವ ಭೈರವನು ಹಿಂದಿನ ಜನ್ಮದಲ್ಲಿ ಕರ್ಣನಾಗಿದ್ದನೆಂಬುದು ಕೊನೆಯಲ್ಲಿ ಬಯಲಾಗುತ್ತದೆ. ಅತ್ತ ದುಷ್ಟನಾದ ಯಾಸ್ಕಿನನು ಅರ್ಜುನನ ಗಾಂಡೀವವನ್ನು ಕೈಗೆತ್ತಿಕೊಂಡಿದ್ದಾನೆ.

ಇಷ್ಟು ತಿಳಿದಮೇಲೆ ಮುಂದಿನದನ್ನು ಬಹುಮಟ್ಟಿಗೆ ತರ್ಕಿಸಬಹುದು. ಶಿಶುವು ಜನಿಸಿದೊಡನೆ ಅಶ್ವತ್ಥಾಮನ ಋಣ ತೀರುತ್ತದೆ; ತೀರಿದಮೇಲೆ ಅವನಿಗೆ ರಂಗದಲ್ಲಿ ಕೆಲಸವಿಲ್ಲ. ಅವತಾರಪುರುಷನು ಬಂದನೆಂದರೆ ಉಳಿದವರೆಲ್ಲರ ಪರಾಕ್ರಮವೂ ಹಗಲಿನ ದೀಪವಾಗುತ್ತದೆ. ಆದಕಾರಣ ಕಥೆಗಾರರು ಜನನವನ್ನು ಸಾಧ್ಯವಾದಷ್ಟು ಮುಂದೂಡುವರೆಂದೂ, ಜನನವಾದ ಸ್ವಲ್ಪದರಲ್ಲಿಯೇ ಅಶ್ವತ್ಥಾಮನು ನಿರ್ಗಮಿಸುವನೆಂದೂ ನಾವು ಎಣಿಸುತ್ತೇವೆ. ನಡುವಿನ ಕಾಲವನ್ನು ತುಂಬತಕ್ಕವನು ಕರ್ಣ. ಕುರುಕ್ಷೇತ್ರದಲ್ಲಿ ಅಧರ್ಮದ ಪಕ್ಷದಲ್ಲಿ ನಿಂತು ಗಾಂಡೀವಕ್ಕೆ ಬಲಿಯಾದವನು, ಈ ಸಲ ಗಾಂಡೀವವೇ ಅಧರ್ಮದ ಕೈಗೆ ಹೋಗಿರುವಾಗ ಅದನ್ನು ಇದಿರಿಸಬೇಕು. ಇದಕ್ಕಿಂತ ಒಳ್ಳೆಯ ಸನ್ನಿವೇಶ ಯಾವ ಕಥೆಗಾರನಿಗೆ ಬೇಕು? ಪಂಪಭಾರತವನ್ನೋದಿ ಕರ್ಣನ ಪಕ್ಷ ವಹಿಸಿ ತರಗತಿಯಲ್ಲಿ ಜಗಳವಾಡುವ ನಮ್ಮ ಗೆಳೆಯರು ಆ ದಿನ ಚಿತ್ರಮಂದಿರದ ಮೊದಲ ಸಾಲಿನಲ್ಲಿರುತ್ತಾರೆಂಬ ಭವಿಷ್ಯವನ್ನೂ ಇಲ್ಲಿಯೇ ಸೇರಿಸಬಹುದು.

‘ಬ್ರಹ್ಮಾಸ್ತ್ರ’ದ ಸಾಲ ಇಷ್ಟು ಸ್ಪಷ್ಟವಾಗಿಲ್ಲ. ಅಲ್ಲಿ ಬ್ರಹ್ಮಾಸ್ತ್ರವು ಮೂರು ತುಂಡುಗಳಾಗಿ ಬೇರೆ ಬೇರೆಯವರ ಕೈಯಲ್ಲಿದೆ. ಒಂದನ್ನು ಕಾಯುವ ಅನೀಶ್ ಶೆಟ್ಟಿಯೆಂಬ ಕಲಾವಿದನನ್ನು ಎಚ್ಚರಿಸುವುದಕ್ಕಾಗಿ ನಾಯಕನಾದ ಶಿವನೂ ನಾಯಿಕೆಯಾದ ಈಶಾಳೂ ಕಾಶಿಗೆ ಧಾವಿಸುತ್ತಾರೆ. (ಶೆಟ್ಟಿಯೆಂಬ ಹೆಸರನ್ನು ಕೇಳಿ ಕರಾವಳಿಯ ಮಿತ್ರರು ಹಿಗ್ಗಿದ್ದುಂಟು, ಪಾತ್ರಧಾರಿ ಮಾತ್ರ ತೆಲುಗಿನ ನಾಗಾರ್ಜುನ.) ಶಿವನ ತಂದೆಯೂ ದುಷ್ಟಶಕ್ತಿಯ ಮೂಲವೂ ಆದ ದೇವನು ಕೊನೆಯಲ್ಲಿ ಎಚ್ಚರಗೊಳ್ಳುತ್ತಾನೆ, ಅವನ ಮುಖವನ್ನು ನಮಗೆ ತೋರಿಸಿಲ್ಲ. ಎರಡನೆಯ ಭಾಗಕ್ಕೆ ‘ದೇವ್’ ಎಂದು ಹೆಸರಿಟ್ಟಿರುವುದರಿಂದ ತಂದೆತಾಯಿಯರ ಹಿಂದಿನ ಕಥೆಯೇ ಮೊದಲು ಬರುವುದೆಂದು ಯಾರೂ ಹೇಳಬಲ್ಲರು. ಆದರೆ ಇಲ್ಲಿ ಪ್ರಶ್ನೆ ಕಥೆಯದಲ್ಲ, ಕಾಲದ್ದು. 2026 ಮತ್ತು 2027ರ ಡಿಸೆಂಬರ್ ತಿಂಗಳುಗಳಲ್ಲಿ ಉಳಿದ ಎರಡು ಭಾಗಗಳು ಬರುವುವೆಂದು ನಿರ್ದೇಶಕರು 2023ರ ಏಪ್ರಿಲಿನಲ್ಲಿ ಸಾರಿದರು. ಅದಾದಮೇಲೆ 2025ರ ಆಗಸ್ಟಿನಲ್ಲಿ ಅವರಿಂದ ಬಂದುದು ‘ವಾರ್ 2’, ಬೇರೆಯವರು ಕಟ್ಟಿದ ಗೂಢಚಾರರ ಕಥಾಲೋಕದ ಒಂದು ಕಂಡಿಕೆ. ಸ್ವಂತ ಮನೆಯ ಗೋಡೆ ಅರ್ಧದಲ್ಲಿರುವಾಗ ಮೇಸ್ತ್ರಿ ನೆರೆಮನೆಯ ಮಹಡಿ ಕಟ್ಟಲು ಹೋದರೆ ಗೃಹಪ್ರವೇಶದ ಮುಹೂರ್ತವನ್ನು ನಂಬುವುದು ಕಷ್ಟ.

ಇಲ್ಲಿಂದ ಎರಡನೆಯ ಆಧಾರಕ್ಕೆ ಬರುತ್ತೇವೆ. ಅದು ಪಾತ್ರಧಾರಿಯ ದೇಹ. ಕಥೆಯ ವೀರನಿಗೆ ಮುಪ್ಪಿಲ್ಲ. ನಟನಿಗೆ ಮುಪ್ಪುಂಟು, ರೋಗವುಂಟು, ಮರಣವುಂಟು, ಕರಾರಿನ ತಕರಾರೂ ಉಂಟು. ಮಾರ್ವೆಲ್‌ನ ಬ್ಲ್ಯಾಕ್ ಪ್ಯಾಂಥರ್ ಪಾತ್ರಧಾರಿ ಚಾಡ್ವಿಕ್ ಬೋಸ್‌ಮನ್ ಅವರು 2020ರ ಆಗಸ್ಟಿನಲ್ಲಿ ತೀರಿಕೊಂಡರು. ಸಂಸ್ಥೆಯು ಆ ಪಾತ್ರವನ್ನು ಬೇರೆಯವರಿಗೆ ಕೊಡದೆ, ಕಥೆಯಲ್ಲಿಯೂ ಅರಸನು ಸತ್ತನೆಂದು ಹೇಳಿ, 2022ರ ಚಿತ್ರದಲ್ಲಿ ತಂಗಿಗೆ ಪಟ್ಟಕಟ್ಟಿತು. ಮತ್ತೊಂದು ಸಂಗತಿ. ಕ್ಯಾಂಗ್ ಎಂಬ ಶತ್ರುವನ್ನೇ ಕೇಂದ್ರವಾಗಿಟ್ಟುಕೊಂಡು ಅವೆಂಜರ್ಸ್ ಚಿತ್ರವೊಂದನ್ನು ಮಾಡುವುದಾಗಿ ಅದೇ ಸಂಸ್ಥೆ 2022ರಲ್ಲಿ ಘೋಷಿಸಿತ್ತು. ಪಾತ್ರಧಾರಿಯನ್ನು 2023ರ ಡಿಸೆಂಬರಿನಲ್ಲಿ ಕೈಬಿಡಬೇಕಾಗಿ ಬಂತು. 2024ರ ಜುಲೈಯಲ್ಲಿ ಚಿತ್ರದ ಹೆಸರು ‘ಡೂಮ್ಸ್‌ಡೇ’ ಎಂದಾಯಿತು. ಹಿಂದೆ ಐರನ್ ಮ್ಯಾನ್ ಆಗಿದ್ದ ರಾಬರ್ಟ್ ಡೌನಿ ಜೂನಿಯರ್ ಅವರೇ ಡಾಕ್ಟರ್ ಡೂಮ್ ಎಂಬ ಖಳನಾಗುವರೆಂದು ಸಾರಲಾಯಿತು. ಕ್ಯಾಂಗನ ಮುಂದಿನ ನಡೆಗಳನ್ನು ಕರಾರುವಾಕ್ಕಾಗಿ ಊಹಿಸಿ ಪುಟಗಟ್ಟಲೆ ಬರೆದ ಪ್ರಪಂಚದ ಜಾಣರೆಲ್ಲರ ಶ್ರಮವೂ ಒಂದೇ ದಿನದಲ್ಲಿ ನೀರಾಯಿತು. ಅವರ ತರ್ಕದಲ್ಲಿ ದೋಷವಿರಲಿಲ್ಲ. ಅವರು ಕಥೆಯೊಳಗಿನ ಕಾರಣಗಳನ್ನಷ್ಟೇ ಎಣಿಸಿದ್ದರು.

‘ಕಲ್ಕಿ’ಗೂ ಇದೇ ಸಂಕಟ ಒದಗಿದೆ. ಸುಮತಿಯ ಪಾತ್ರ ವಹಿಸಿದ್ದ ದೀಪಿಕಾ ಪಡುಕೋಣೆಯವರು ಮುಂದಿನ ಭಾಗದಲ್ಲಿರುವುದಿಲ್ಲವೆಂದು ನಿರ್ಮಾಪಕರಾದ ವೈಜಯಂತಿ ಮೂವೀಸ್ ಸಂಸ್ಥೆ 2025ರ ಸೆಪ್ಟೆಂಬರಿನಲ್ಲಿ ಪ್ರಕಟಿಸಿತು. ಲೋಕವನ್ನುಳಿಸುವ ಶಿಶು ಗರ್ಭದಲ್ಲಿದೆ, ತಾಯಿಯ ಪಾತ್ರಕ್ಕೆ ನಟಿಯಿಲ್ಲ! ಇನ್ನು ದಾರಿಗಳು ಮೂರು: ಬೇರೊಬ್ಬರಿಗೆ ಅದೇ ಪಾತ್ರವನ್ನು ಕೊಡುವುದು, ಕೆಲವು ವರ್ಷಗಳನ್ನು ಹಾರಿ, ತಾಯಿಯನ್ನು ನೆನಪಾಗಿ ಮಾಡಿ, ಬೆಳೆದ ಬಾಲಕನನ್ನು ತರುವುದು, ಇಲ್ಲವೆ ಮುಖ ಕಾಣದಂತೆ ಕಥೆ ಸಾಗಿಸುವುದು. ಜನನವನ್ನು ಮುಂದೂಡುವರೆಂಬ ನಮ್ಮ ಹಿಂದಿನ ಎಣಿಕೆ ನಿಲ್ಲಬೇಕಾದರೆ ಮೊದಲನೆಯ ದಾರಿಯೇ ಉಳಿಯುತ್ತದೆ. ಪ್ರೇಕ್ಷಕರು ಅದನ್ನು ಒಪ್ಪುವರೇ?

ಒಪ್ಪುವರೆಂಬುದಕ್ಕೆ ದಶಾಶ್ವಮೇಧದಿಂದ ದೋಣಿಯೇರಿ ಹೋಗಬಹುದಾದಷ್ಟು ಹತ್ತಿರದಲ್ಲಿಯೇ ಸಾಕ್ಷಿಯುಂಟು. ಗಂಗೆಯ ಆಚೆಯ ದಡದಲ್ಲಿ ಕಾಶೀರಾಜರ ಕೋಟೆಯಿರುವ ರಾಮನಗರದಲ್ಲಿ ವರ್ಷಕ್ಕೊಮ್ಮೆ ಸುಮಾರು ಒಂದು ತಿಂಗಳ ಕಾಲ ರಾಮಲೀಲೆ ನಡೆಯುತ್ತದೆ. ಹತ್ತೊಂಬತ್ತನೆಯ ಶತಮಾನದಲ್ಲಿ ರಾಜಾಶ್ರಯದಿಂದ ಬೆಳೆದ ಈ ಲೀಲೆಗೆ ಒಂದು ರಂಗಸ್ಥಳವಿಲ್ಲ, ಊರೇ ರಂಗಸ್ಥಳ. ಒಂದು ಕಡೆ ಅಯೋಧ್ಯೆ, ಇನ್ನೊಂದು ಕಡೆ ಜನಕಪುರಿ, ದೂರದಲ್ಲಿ ಲಂಕೆ. ಧ್ವನಿವರ್ಧಕವಿಲ್ಲ, ವಿದ್ಯುದ್ದೀಪವಿಲ್ಲ. ಕಥೆ ನಡೆದಂತೆ ಜನರೂ ನಡೆಯುತ್ತಾರೆ. ಆನೆಯ ಮೇಲೆ ಕುಳಿತ ಕಾಶೀರಾಜರೂ ಪ್ರೇಕ್ಷಕರಲ್ಲೊಬ್ಬರು. ರಾಮ, ಸೀತೆ, ಲಕ್ಷ್ಮಣ, ಭರತ, ಶತ್ರುಘ್ನರಾಗಿ ಅಭಿನಯಿಸುವವರು ಧ್ವನಿಯೊಡೆಯದ ಬಾಲಕರು. ವಯಸ್ಸು ಮೀರಿದೊಡನೆ ಅವರ ಸ್ಥಾನಕ್ಕೆ ಬೇರೆ ಬಾಲಕರು ಬರುತ್ತಾರೆ. ಹಿಂದಿನ ವರ್ಷದ ರಾಮನೇ ಚೆನ್ನಾಗಿದ್ದನೆಂದು ಮುನಿದು ಮನೆಯಲ್ಲಿ ಕುಳಿತ ಊರಿಲ್ಲ. ಕಿರೀಟವನ್ನು ಧರಿಸಿದ ಬಾಲಕನಿಗೆ ಹಿರಿಯರು ಕೈಮುಗಿಯುತ್ತಾರೆ; ಮುಖ ಯಾರದೆಂದು ಕೇಳುವುದಿಲ್ಲ. ಅಲ್ಲಿ ಪಾತ್ರವು ಪಾತ್ರಧಾರಿಗಿಂತ ದೊಡ್ಡದು. ನಮ್ಮ ಯಕ್ಷಗಾನದಲ್ಲಿಯೂ ಅಷ್ಟೇ ತಾನೆ? ಬೇರೆ ಬೇರೆ ಮೇಳಗಳಲ್ಲಿ ಬೇರೆ ಬೇರೆ ಭೀಮರನ್ನು ನೋಡಿಯೂ ಭೀಮನೊಬ್ಬನೆಂದು ತಿಳಿದು ಮನೆಗೆ ಹೋಗುತ್ತೇವೆ. ಚಿತ್ರರಂಗದಲ್ಲಿ ಮಾತ್ರ ನಟರ ಹೆಸರನ್ನು ಮಾರಿಯೇ ಹಣ ಕೂಡಿಸುವ ರೂಢಿ ಬೆಳೆದಿರುವುದರಿಂದ ಪಾತ್ರ ಕೈಬದಲಾಯಿಸಿದರೆ ಗಾಬರಿ. ದೀರ್ಘಕಾಲ ಬಾಳಬಯಸುವ ಕಥಾಲೋಕಗಳು ಇಂದಲ್ಲದಿದ್ದರೆ ನಾಳೆ ರಾಮನಗರದ ಪದ್ಧತಿಗೇ ಬರಬೇಕಾಗುತ್ತದೆ.

ಮುಪ್ಪಿನಿಂದ ತಪ್ಪಿಸಿಕೊಳ್ಳಲು ಇನ್ನೊಂದು ಉಪಾಯವೂ ಉಂಟು. ಅದನ್ನು ಹಿಡಿದವರು ಕನ್ನಡ ನಾಡಿನವರು. ಬೆಂಗಳೂರಿನ ಹೊಂಬಾಳೆ ಫಿಲಂಸ್ ಸಂಸ್ಥೆಯು ಕ್ಲೀಂ ಪ್ರೊಡಕ್ಷನ್ಸ್ ಜೊತೆಗೂಡಿ 2025ರ ಜುಲೈ 25ರಂದು ‘ಮಹಾವತಾರ್ ನರಸಿಂಹ’ ಎಂಬ ಅನಿಮೇಷನ್ ಚಿತ್ರವನ್ನು ಹೊರತಂದಿತು. ಎರಡೆರಡು ವರ್ಷಕ್ಕೊಂದರಂತೆ 2037ರವರೆಗೆ ಒಟ್ಟು ಏಳು ಚಿತ್ರಗಳು ಬರುವುವೆಂಬ ಪಟ್ಟಿಯನ್ನೂ ಅವರು ಪ್ರಕಟಿಸಿದರು. ಕೊನೆಯ ಎರಡು ಭಾಗಗಳು ಕಲ್ಕಿಯವೇ. ಬರೆದ ಚಿತ್ರಕ್ಕೆ ನರೆಯಿಲ್ಲ, ಕರಾರಿಲ್ಲ. ಈ ಪಟ್ಟಿ ಉಳಿದವುಗಳಿಗಿಂತ ಹೆಚ್ಚು ನಂಬತಕ್ಕದ್ದೆಂದು ನಮಗೆ ತೋರುತ್ತದೆ. ಆದರೆ 2025ರಲ್ಲಿ 13 ವರ್ಷದವನಾಗಿದ್ದ ವಿದ್ಯಾರ್ಥಿಗೆ ಕೊನೆಯ ಚಿತ್ರ ಬರುವಾಗ 25 ತುಂಬಿರುತ್ತದೆ. ನಟನಿಗೆ ವಯಸ್ಸಾಗದಿದ್ದರೇನು, ಪ್ರೇಕ್ಷಕನಿಗೆ ಆಗುವುದಲ್ಲ!

ಮೂರನೆಯ ಆಧಾರವಾದ ಹಣದ ಚೀಲವನ್ನು ಕುರಿತು ಹೆಚ್ಚು ಬರೆಯಬೇಕಾಗಿಲ್ಲ. ‘ಬ್ರಹ್ಮಾಸ್ತ್ರ’ಕ್ಕೆ ಸುಮಾರು 400 ಕೋಟಿ, ‘ಕಲ್ಕಿ’ಗೆ ಸುಮಾರು 600 ಕೋಟಿ ರೂಪಾಯಿ ವೆಚ್ಚವಾಯಿತೆಂದು ಪತ್ರಿಕೆಗಳು ಬರೆದವು. ಇಷ್ಟು ಹಣ ಹೂಡಿದವನು ಹೊಸ ಸಾಹಸಕ್ಕೆ ಹೆದರುತ್ತಾನೆ. ಇದೇ ಪತ್ರಿಕೆಗಳ ವರದಿಯಂತೆ ಸುಮಾರು 30 ಕೋಟಿಯಲ್ಲಿ ತಯಾರಾಗಿ, ಅದರ ಹತ್ತರಷ್ಟು ಗಳಿಸಿದ ಚಿತ್ರವೊಂದಿದೆ: 2025ರ ಆಗಸ್ಟಿನಲ್ಲಿ ಬಂದ ಮಲಯಾಳದ ‘ಲೋಕಾ: ಚಾಪ್ಟರ್ 1 – ಚಂದ್ರ’. ಕೇರಳದ ಜನಪದದ ಕಳ್ಳಿಯಂಕಾಟು ನೀಲಿಯೆಂಬ ಯಕ್ಷಿಯನ್ನು ಅದು ತಂದು ನಿಲ್ಲಿಸಿದುದು ನಮ್ಮ ಬೆಂಗಳೂರಿನ ಬೀದಿಗಳಲ್ಲಿ. ಚೀಲ ಚಿಕ್ಕದಾದರೆ ಎಡವಿ ಬಿದ್ದರೂ ಏಳಬಹುದು. ಆದಕಾರಣ ಮುಂದಿನ ಹತ್ತು ವರ್ಷಗಳಲ್ಲಿ ಊರೂರಿನ ಯಕ್ಷಿಯರೂ ಚೌಡಿಯರೂ ಭೂತಗಳೂ ವೀರಕಥೆಗಳಿಗೆ ಬರುವರೆಂದೂ, ಮಹಾನಗರಗಳನ್ನು ಮಹಾಯುದ್ಧದಲ್ಲಿ ಪುಡಿಗಟ್ಟುವ ಕಥೆಗಳು ಕಡಿಮೆಯಾಗುವುವೆಂದೂ ನಮ್ಮ ಊಹೆ.

ಇನ್ನು ಚಿತ್ರಕ್ಕೂ ಮನೆಯ ಪರದೆಗೂ ಇರುವ ನಂಟು. ‘ಕಲ್ಕಿ’ ಬರುವುದಕ್ಕೆ ಮೊದಲು, 2024ರ ಮೇ 31ರಂದು, ಭೈರವನನ್ನೂ ಅವನ ಮಾತನಾಡುವ ವಾಹನವನ್ನೂ ಕುರಿತ ‘ಬುಜ್ಜಿ ಮತ್ತು ಭೈರವ’ ಎಂಬ ಎರಡು ಕಂತುಗಳ ಅನಿಮೇಷನ್ ಪೀಠಿಕೆಯು ಪ್ರೈಮ್ ವಿಡಿಯೊದಲ್ಲಿ ಬಂತು. ಅದನ್ನು ನೋಡಿದವರಿಗೆ ಚಿತ್ರದಲ್ಲಿ ಒಂದು ನಗೆ ಹೆಚ್ಚು ಸಿಕ್ಕಿರಬಹುದು, ನೋಡದವರಿಗೆ ನಷ್ಟವಾಗಲಿಲ್ಲ. ಮಾರ್ವೆಲ್‌ನವರು ಹೀಗೆ ಮಾಡಲಿಲ್ಲ. 2021ರ ‘ವಾಂಡಾವಿಷನ್’ ಧಾರಾವಾಹಿಯನ್ನು ನೋಡದವನಿಗೆ 2022ರ ‘ಡಾಕ್ಟರ್ ಸ್ಟ್ರೇಂಜ್’ ಚಿತ್ರದಲ್ಲಿ ವಾಂಡಾಳ ಮಕ್ಕಳು ಯಾರು, ಅವಳ ಕೋಪವೇಕೆ ಎಂಬುದು ಸುಲಭವಾಗಿ ತಿಳಿಯದು. 2023ರ ‘ದಿ ಮಾರ್ವೆಲ್ಸ್’ ಚಿತ್ರಕ್ಕೆ ಬರುವಾಗ ಮೂವರು ನಾಯಕಿಯರಲ್ಲಿ ಇಬ್ಬರ ಪೂರ್ವಕಥೆ ಧಾರಾವಾಹಿಗಳಲ್ಲಿತ್ತು. ಜನ ಕೈಬಿಟ್ಟರು. ಕಥೆಗಳನ್ನು ಅತಿಯಾಗಿ ಹೊರತಂದುದರಿಂದ ಪ್ರೇಕ್ಷಕರ ಗಮನ ಚದುರಿತೆಂದು ಒಡೆಯ ಸಂಸ್ಥೆಯಾದ ಡಿಸ್ನಿಯ ಮುಖ್ಯಸ್ಥರೇ ಆ ವರ್ಷ ಒಪ್ಪಿಕೊಂಡರು.

ಇಲ್ಲಿ ನಮ್ಮಂಥವರ ಪಾಡನ್ನೂ ಹೇಳಬೇಕು. ತಿಂಗಳ ಚಂದಾ ಕಟ್ಟುವ ಮನೆಯ ಮಕ್ಕಳು ಎಲ್ಲ ಕಂತುಗಳನ್ನೂ ನೋಡಿ ಬರುತ್ತಾರೆ. ಹಬ್ಬಕ್ಕೊಂದು ಚಿತ್ರ ನೋಡುವ ಮನೆಯವರು ಅರ್ಧ ತಿಳಿದು ಅರ್ಧ ತಿಳಿಯದೆ, ತಿಳಿಯಿತೆಂದು ನಟಿಸುತ್ತ ಕೂರುತ್ತಾರೆ. ಒಂದೇ ಬೆಂಚಿನ ಮೇಲಿನ ಇಬ್ಬರು ಗೆಳೆಯರ ನಡುವೆ ಕಥೆಯೊಂದು ಹೀಗೆ ಗೋಡೆಯಾಗಬಾರದು. ಪಂಚತೀರ್ಥದ ಮಾತನ್ನು ನೆನಪಿಡಿರೆಂದು ಹೇಳಿದುದು ಇದಕ್ಕಾಗಿಯೇ. ಒಂದೇ ಘಟ್ಟದಲ್ಲಿ ಮಿಂದವನಿಗೂ ಸ್ನಾನ ಪೂರ್ಣವಾಗಬೇಕು. ಭಾರತದ ಕಥಾಲೋಕಗಳು ಧಾರಾವಾಹಿಯನ್ನು ಪೀಠಿಕೆಯಾಗಿಯೋ ಉಪಕಥೆಯಾಗಿಯೋ ಇಟ್ಟುಕೊಳ್ಳುವುವೇ ಹೊರತು, ಚಿತ್ರದ ಬಾಗಿಲಿಗೆ ಬೀಗವನ್ನಾಗಿ ಮಾಡಲಾರವೆಂದು ನಾವು ತಿಳಿಯುತ್ತೇವೆ. ಚಂದಾದಾರರಿಗಿಂತ ಟಿಕೆಟ್ಟು ಕೊಳ್ಳುವವರನ್ನು ನಂಬಿದ ವ್ಯಾಪಾರವಿದು.

ಇನ್ನೊಂದು ಸಂಗತಿಯನ್ನು ಬಿಟ್ಟರೆ ಲೇಖನ ಅಪೂರ್ಣವಾಗುತ್ತದೆ: ಕಥೆಯನ್ನು ಮುಂದುವರಿಸುವ ಹಕ್ಕು ಯಾರದು? ಪಂಪನು 941ರಲ್ಲಿ ‘ವಿಕ್ರಮಾರ್ಜುನ ವಿಜಯ’ವನ್ನು ರಚಿಸಿದಾಗ ವ್ಯಾಸರ ಅನುಮತಿಪತ್ರ ಬೇಕಾಗಲಿಲ್ಲ. ಅವನು ಅರ್ಜುನನನ್ನು ನಾಯಕನನ್ನಾಗಿ ಮಾಡಿ, ತನ್ನೊಡೆಯ ಅರಿಕೇಸರಿಯನ್ನು ಅವನೊಡನೆ ಬೆಸೆದು, ದ್ರೌಪದಿಗೆ ಅರ್ಜುನನೊಬ್ಬನೇ ಪತಿಯೆಂದ. ರನ್ನನು ಅದೇ ಲೋಕದಿಂದ ಭೀಮನನ್ನು ಆರಿಸಿಕೊಂಡ. ಕುಮಾರವ್ಯಾಸನು ಕೃಷ್ಣನ ಕಥೆಯಾಗಿ ಹಾಡಿದ. ಮೂವರೂ ಒಂದೇ ಲೋಕದ ಮೂರು ಘಟ್ಟಗಳು. ಒಬ್ಬರು ಇನ್ನೊಬ್ಬರನ್ನು ಅಳಿಸಲಿಲ್ಲ. ಐರನ್ ಮ್ಯಾನ್‌ನನ್ನು ಕುರಿತು ಹೀಗೆ ಚಿತ್ರ ತೆಗೆಯಹೊರಟರೆ ಮರುದಿನವೇ ವಕೀಲರ ನೋಟೀಸು ಬರುತ್ತದೆ. ಆದರೆ ಅಶ್ವತ್ಥಾಮ, ಹನುಮಂತ, ನರಸಿಂಹರಿಗೆ ಒಡೆಯರಿಲ್ಲ. 2024ರ ಜನವರಿಯಲ್ಲಿ ತೆಲುಗಿನಲ್ಲಿ ‘ಹನುಮಾನ್’ ಬಂದು ತನ್ನದೇ ಕಥಾಲೋಕವನ್ನು ತೆರೆಯಿತು. ಅದರ ಮುಂದಿನ ಭಾಗವಾದ ‘ಜೈ ಹನುಮಾನ್’ನಲ್ಲಿ ಆಂಜನೇಯನಾಗಲು ನಮ್ಮ ರಿಷಬ್ ಶೆಟ್ಟಿಯವರನ್ನು ಆರಿಸಿದುದಾಗಿ ಆ ವರ್ಷವೇ ಪ್ರಕಟವಾಯಿತು. ಹೊಂಬಾಳೆಯವರ ಕಲ್ಕಿ ಬೇರೆ, ವೈಜಯಂತಿಯವರ ಕಲ್ಕಿ ಬೇರೆ, ಇಬ್ಬರೂ ಬರಲಿದ್ದಾರೆ. ಹಾಗಾದರೆ ಎಲ್ಲವೂ ಕೂಡಿ ಒಂದೇ ಭಾರತೀಯ ಮಹಾಲೋಕವಾಗುವುದೆಂದು ಕೆಲವರು ಆಶಿಸುವುದುಂಟು. ನಮಗೆ ಆ ನಂಬಿಕೆಯಿಲ್ಲ. ವೀರರಿಗೆ ಒಡೆಯರಿಲ್ಲದಿದ್ದರೂ ಅವರ ವೇಷಗಳಿಗೂ ನಟರ ಕರಾರುಗಳಿಗೂ ಗಲ್ಲಾಪೆಟ್ಟಿಗೆಗೂ ಒಡೆಯರಿದ್ದಾರೆ. ಅವು ಒಂದಾಗದೆ, ದಶಾಶ್ವಮೇಧದ ಎರಡು ಸ್ಥಳಪುರಾಣಗಳಂತೆ ಅಕ್ಕಪಕ್ಕದಲ್ಲಿ ಬಾಳುವುವು.

ಕಾಶಿಯಂತೂ ಇವರೆಲ್ಲರಿಗೂ ಬೇಕಾಗುತ್ತದೆ. ರಾಜಮೌಳಿಯವರ ಹೊಸ ಚಿತ್ರಕ್ಕೆ ‘ವಾರಣಾಸಿ’ ಎಂಬ ಹೆಸರು 2025ರ ನವೆಂಬರಿನಲ್ಲಿ ಪ್ರಕಟವಾಯಿತು. ಪ್ರಳಯಕಾಲದಲ್ಲಿ ಶಿವನು ಕಾಶಿಯನ್ನು ತ್ರಿಶೂಲದ ಮೇಲೆತ್ತಿ ಹಿಡಿಯುವನೆಂಬ ನಂಬಿಕೆ ಹಳೆಯದು. ಲೋಕವೆಲ್ಲ ಮುಳುಗಿದರೂ ಉಳಿಯುವ ಊರು ಯಾವುದೆಂದು ಇಲ್ಲಿನ ಪ್ರೇಕ್ಷಕನಿಗೆ ಬಿಡಿಸಿ ಹೇಳಬೇಕಾಗಿಲ್ಲ. ‘ಕಲ್ಕಿ’ಯ ಕಾಶಿ ಉಳಿದಿದೆ, ಆದರೆ ಅಲ್ಲಿ ಗಂಗೆ ಬತ್ತಿಹೋಗಿದ್ದಾಳೆ. ಇದೂ ಒಂದು ಸಾಲ. ತೀರಿಸದೆ ಕಥೆ ಮುಗಿಯುವಂತಿಲ್ಲ. ಯಾವ ವೀರನು ಗೆಲ್ಲುವನು, ಯಾವ ನಟಿ ತಾಯಿಯಾಗುವಳು ಎಂಬ ನಮ್ಮ ಊಹೆಗಳು ತಪ್ಪಿದರೂ ತಪ್ಪಬಹುದು. ಕೊನೆಯ ಭಾಗದ ಕೊನೆಯಲ್ಲಿ ನೀರು ಬರುವುದೆಂಬುದನ್ನು ಮಾತ್ರ ಪಣವಿಟ್ಟು ಹೇಳಬಲ್ಲೆವು. ಆ ದೃಶ್ಯವನ್ನು ಕಲ್ಪಿಸಲು ನಿರ್ದೇಶಕರು ಕಷ್ಟಪಡಬೇಕಾಗಿಯೂ ಇಲ್ಲ. ಮಳೆಗಾಲದ ಪ್ರವಾಹದಲ್ಲಿ ಗಂಗೆಯು ದಶಾಶ್ವಮೇಧದ ಕೆಳಗಿನ ಮೆಟ್ಟಿಲುಗಳನ್ನು ಒಂದೊಂದಾಗಿ ನುಂಗುತ್ತ ಮೇಲೇರುತ್ತಾಳೆ. ಆಗ ಸಂಜೆಯ ಆರತಿಯನ್ನು ಮೇಲಿನ ಕಟ್ಟಡದ ಮಾಳಿಗೆಗೆ ಸಾಗಿಸಿ ಅಲ್ಲಿಯೇ ಬೆಳಗುತ್ತಾರೆ.